ಉಳಿದ ಮೂರು

ಸಾಲ, ಬೆಂಕಿ, ಹಗೆ – ಈ ಮೂರರಲ್ಲಿ ಶೇಷ ಉಳಿಸಬಾರದೆಂದು ಹಿರಿಯರು ಹೇಳುತ್ತಾರೆ. ನಮ್ಮಲ್ಲಿ ಅನೇಕರು ಈ ಪಟ್ಟಿಗೆ ಲೆಕ್ಕವನ್ನೂ ಸೇರಿಸಿಕೊಂಡಿದ್ದೇವೆ. ಭಾಗಾಕಾರದ ಕೊನೆಗೆ ಸೊನ್ನೆ ಬಂದರೆ ನೆಮ್ಮದಿ. ಏನಾದರೂ ಉಳಿಯಿತೋ, ಎಲ್ಲೋ ಎಡವಿದೆವೆಂಬ ಅಳುಕು. ಉಳಿದದ್ದಕ್ಕೂ ಒಂದು ಜಾಗವಿದೆ ಎಂದು ತೋರಿಸುವ ಲೆಕ್ಕವೊಂದು ಬೀಜಗಣಿತದಲ್ಲಿದೆ.

ಉದಯಗಿರಿಯ ನಮ್ಮ ಬೀದಿಯ ಮಕ್ಕಳಿಗೆ ಪಾಠ ಹೇಳುವುದು ನನಗೆ ಹಲವು ವರ್ಷಗಳ ಅಭ್ಯಾಸ. ಎದುರು ಮನೆಯ ಹುಡುಗಿ ಆಗ ದ್ವಿತೀಯ ಪಿಯುಸಿ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ತಾಯಿ ಬೀಡಿ ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಒಂದು ಸಂಜೆ ಮಗಳನ್ನು ಕರೆತಂದು, “ಅಕ್ಕಾ, ಇವಳು ಕಾಲೇಜೇ ಬೇಡ ಅಂತಾಳೆ. ಈ ಲೆಕ್ಕ ಇವಳಿಗೆ ಬರುತ್ತೋ ಇಲ್ವೋ ನೋಡಿ ಹೇಳಿ. ಬರಲ್ಲ ಅಂದ್ರೆ ಇವರಪ್ಪ ಗಂಡು ನೋಡ್ತೀನಿ ಅಂತಿದಾರೆ” ಎಂದರು. ಹುಡುಗಿ ತಲೆ ಎತ್ತಲಿಲ್ಲ.

ಅವಳು ಸಿಕ್ಕಿಕೊಂಡದ್ದು ಇಂಟಿಗ್ರೇಷನ್ನಿನಲ್ಲಿ. ಪುಸ್ತಕದಲ್ಲಿ ಎಕ್ಸ್ ಇರುವಲ್ಲಿ ನಾವು ‘ಅ’ ಎಂದುಕೊಳ್ಳೋಣ. ಮೇಲೆ ಅ² + 5ಅ + 9, ಕೆಳಗೆ ಅ + 2. ಇಡೀ ಭಿನ್ನರಾಶಿಯನ್ನು ಅವಳು ಒಂದೇ ತುತ್ತಿಗೆ ನುಂಗಲು ಹೊರಟಿದ್ದಳು. ನಾನು ಪುಸ್ತಕ ಮುಚ್ಚಿಟ್ಟು, “ಹದಿನೇಳು ಹೋಳಿಗೆ, ಐದು ಜನ. ಹೇಗೆ ಹಂಚ್ತೀಯ?” ಎಂದೆ.

“ತಲೆಗೆ ಮೂರು. ಎರಡು ಉಳಿಯುತ್ತೆ ಆಂಟಿ.”

“ಉಳಿದ ಎರಡನ್ನೂ ಐದು ಪಾಲು ಮಾಡು.” ಮೂರು ಪೂರ್ಣ, ಜೊತೆಗೆ ಐದರಲ್ಲಿ ಎರಡು ಪಾಲು. ಚಿಕ್ಕಂದಿನಲ್ಲಿ ಕಲಿತ ಮಿಶ್ರ ಭಿನ್ನರಾಶಿ ಇದೇ. ಮೇಲಿನ ಘಾತ ಕೆಳಗಿನದಕ್ಕೆ ಸಮವಾಗಿಯೋ ದೊಡ್ಡದಾಗಿಯೋ ಇದ್ದರೆ ಬೀಜಗಣಿತದಲ್ಲೂ ಹೀಗೆಯೇ ಹಂಚಬಹುದು.

ಅ² ಬರಬೇಕಾದರೆ ಅ + 2ನ್ನು ಅ ಇಂದ ಗುಣಿಸಬೇಕು. ಅ² + 2ಅ ಆಯಿತು. ಕಳೆದರೆ 3ಅ + 9. ಈಗ ಅ + 2ನ್ನು 3ರಿಂದ ಗುಣಿಸಿದರೆ 3ಅ + 6. ಅದನ್ನೂ ಕಳೆದರೆ ಉಳಿಯುವುದು 3. ಮುಂದೆ ಭಾಗ ಹೋಗದು. ಭಾಗಲಬ್ಧ ಅ + 3, ಶೇಷ 3. ಆ ಮೂರನ್ನು ಬಿಸಾಡುವಂತಿಲ್ಲ. ಅದರ ಕೆಳಗೆ ಅ + 2 ಬರೆದು ಭಾಗಲಬ್ಧಕ್ಕೆ ಕೂಡಿಸಬೇಕು.

ಅವಳಿಗೆ ನಂಬಿಕೆ ಬರಲಿಲ್ಲ. “ಅ ಜಾಗದಲ್ಲಿ 8 ಹಾಕು” ಎಂದೆ. ಹಳೆಯ ರೂಪದಲ್ಲಿ 113ನ್ನು 10ರಿಂದ ಭಾಗಿಸಿದರೆ 11.3, ಹೊಸ ರೂಪದಲ್ಲಿ 11, ಜೊತೆಗೆ ಹತ್ತರಲ್ಲಿ ಮೂರು. 98 ಹಾಕಿದಾಗ 101.03. ಅ ಬೆಳೆದಷ್ಟೂ ಶೇಷದ ಪಾಲು ಕಿರಿದಾಗುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ಹಳೆಯ ರೂಪದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಅ ಎಂದರೆ −2 ಮಾತ್ರ ಆಗಕೂಡದು. ಆಗ ಕೆಳಗೆ ಸೊನ್ನೆ ಬಂದು ಕೂರುತ್ತದೆ. ಇನ್ನು ಇಂಟಿಗ್ರೇಷನ್? ಮೂರು ಸಣ್ಣ ತುಂಡುಗಳು, ಮೂರರ ಸೂತ್ರವೂ ಅವಳಿಗೆ ಬಾಯಿಪಾಠ. ಕೊನೆಯ ತುಂಡಿಗೆ ಲಾಗ್ ಎಂದು ನಾನು ಹೇಳುವ ಮೊದಲೇ ಬರೆದುಬಿಟ್ಟಳು.

ಬಾಗಿಲ ಬಳಿ ಕೂತಿದ್ದ ತಾಯಿಗೆ ಶೇಷದ ಮಾತಷ್ಟು ಕೇಳಿಸಿತ್ತು. “ಅದರಲ್ಲೇನಿದೆ ಅಕ್ಕಾ, ಕಟ್ಟಿಗೆ ಸಾಲದೆ ಉಳಿದ ಬೀಡಿ ನಾವು ಎಸೀತೀವಾ? ನಾಳೆ ಲೆಕ್ಕಕ್ಕೆ ಸೇರಿಸ್ತೀವಿ” ಎಂದರು.

ಭಿನ್ನರಾಶಿಯನ್ನು ಬಿಡಿಸಿ ಬರೆಯುವುದು ನಮ್ಮ ನಾಡಿಗೂ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಭಿನ್ನರಾಶಿಯನ್ನು ಅಂಶ ಒಂದೇ ಇರುವ ಹಲವು ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ಕ್ರಮ ಹೇಳಿದ್ದಾನೆ. ನಾವು ಮಾಡಿದಂಥ ಭಾಗಾಕಾರವನ್ನು ಹನ್ನೆರಡನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಸಮಾವಲ್ ತನ್ನ ಗ್ರಂಥದಲ್ಲಿ ವಿವರಿಸಿದ. ಆಗ ಅವನಿಗೆ ಹತ್ತೊಂಬತ್ತೇ ವರ್ಷವಂತೆ. ‘ಆಲ್ಜೀಬ್ರ’ ಎಂಬ ಮಾತಿನ ಮೂಲವೂ ಅರಬ್ಬಿಯ ‘ಅಲ್-ಜಬ್ರ್’. ಮುರಿದದ್ದನ್ನು ಮತ್ತೆ ಕೂಡಿಸುವುದು ಎಂದು ಅರ್ಥ. ಇದನ್ನು ಕೇಳಿ ಹುಡುಗಿ, “ಹತ್ತೊಂಬತ್ತಾ? ನನಗಿಂತ ಎರಡೇ ವರ್ಷ ದೊಡ್ಡವನು” ಎಂದು ನಕ್ಕಳು.

ಅವಳೀಗ ಬಿ.ಎಸ್ಸಿ. ಓದುತ್ತಿದ್ದಾಳೆ. ಗಂಡು ನೋಡುವ ಮಾತು ಪೂರಾ ನಿಂತಿಲ್ಲ. ಪದವಿ ಮುಗಿಯುವವರೆಗೆ ಮುಂದಕ್ಕೆ ಹೋಗಿದೆ, ಅಷ್ಟೇ. ತಂಗಿಗೆ ಲೆಕ್ಕ ಹೇಳಿಕೊಡುವವಳು ಈಗ ಅವಳೇ.