ಗೋಡೆಯ ಮಾಡದಲ್ಲಿ ಉಳಿದ ಕಾಗದ

ಮನೆಗೆ ಬರುವ ಕಾಗದಗಳಲ್ಲಿ ಮದುವೆಯ ಕರೆಯೋಲೆಗೆ ಒಂದು ಮರ್ಯಾದೆ, ಬ್ಯಾಂಕಿನ ನೋಟೀಸಿಗೆ ಇನ್ನೊಂದು ಬಗೆಯ ಅಂಜಿಕೆ. ನ್ಯಾಯಾಲಯದ ಸಮನ್ಸ್ ಬಂದರಂತೂ ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ತಪ್ಪು ಮಾಡಿದವರಿಗೆ ಮಾತ್ರ ಅಂತಹ ಕಾಗದ ಬರುತ್ತದೆಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಆ ಭಾವನೆಗೆ ನಾವೂ ಒಳಗಾಗಿ, ಬೇರೆಯವರಿಗೆ ಮಾಡಿದ ಕೇಡನ್ನು ಇಲ್ಲಿ ಬಿಚ್ಚಿಡಬೇಕೆಂದಿದ್ದೇವೆ.

ಲಿಂಗಸುಗೂರಿನಿಂದ ತಿಂಥಣಿ ಸೇತುವೆಯ ಕಡೆಗೆ ಹೋಗುವ ದಾರಿಯಲ್ಲಿರುವ ಗುರುಗುಂಟಾ ನಮ್ಮೂರು. 2014ರಲ್ಲಿ ಒಂದು ಸಂಜೆ ಹೊಲದಿಂದ ಮರಳುವಾಗ ನಮ್ಮ ಕಣ್ಣೆದುರಿಗೇ ಒಂದು ವಾಹನ ಕೂಲಿಯಾಳೊಬ್ಬನಿಗೆ ಬಡಿಯಿತು. ಆಸ್ಪತ್ರೆ ಸೇರುವ ಮೊದಲೇ ಅವನ ಉಸಿರು ನಿಂತಿತು. ಅದನ್ನು ಕಂಡವರು ಇಬ್ಬರೇ: ನಾವು ಮತ್ತು ರಸ್ತೆಬದಿಯಲ್ಲಿ ಚಹಾದಂಗಡಿ ಇಟ್ಟಿದ್ದ ಒಬ್ಬ ಮುದುಕರು. ಪೊಲೀಸರು ಇಬ್ಬರ ಹೇಳಿಕೆಯನ್ನೂ ಬರೆದುಕೊಂಡು ಹೋದರು. ನಾಲ್ಕು ವರ್ಷ ಕಳೆಯಿತು, ನಾವು ಮರೆತೆವು.

2018ರ ಡಿಸೆಂಬರಿನಲ್ಲಿ ಪೇದೆಯೊಬ್ಬರು ಸಮನ್ಸ್ ತಂದರು. ಮೊದಲ ಸಲ ಬಂದಾಗ ಮನೆಯಲ್ಲಿ ನಮ್ಮ ಮನೆಯವರೊಬ್ಬರೇ ಇದ್ದರು. ಹೆಣ್ಣುಮಕ್ಕಳ ಕೈಗೆ ಕೊಡಲು ಬರುವುದಿಲ್ಲವೆಂದು ಪೇದೆ ಹಿಂದಿರುಗಿ, ಮರುದಿನ ಬಂದು ನಮ್ಮಿಂದ ಸಹಿ ಪಡೆದರು. ಸಾಕ್ಷಿ ಹೇಳಲು ಕರೆದಿದ್ದ ದಿನವೇ ನಮ್ಮ ಹೊಲದಲ್ಲಿ ತೊಗರಿ ರಾಶಿ. ‘ಒಂದು ತಾರೀಖು ತಪ್ಪಿದರೆ ಏನಾದೀತು, ಮತ್ತೆ ಕರೆಯುತ್ತಾರೆ’ ಎಂದುಕೊಂಡು ಕಾಗದವನ್ನು ಗೋಡೆಯ ಮಾಡದಲ್ಲಿಟ್ಟೆವು. ಬೇರೆ ದಿನ ಕೊಡಿರೆಂದು ಕೇಳಿಕೊಳ್ಳುವ ಯೋಚನೆ ಕೂಡ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ರಾಶಿಯೊಂದು ನೆವ. ವಕೀಲರ ಪಾಟೀಸವಾಲಿನ ಅಂಜಿಕೆಯೇ ದೊಡ್ಡದಾಗಿತ್ತು.

ಮತ್ತೆ ಕರೆದದ್ದೇನೋ ನಿಜ, ಆದರೆ ಕರೆಯ ರೂಪ ಬೇರೆಯಾಗಿತ್ತು. ಎರಡು ತಿಂಗಳ ನಂತರ ಪೇದೆ ತಂದದ್ದು ಜಾಮೀನು ಸಹಿತ ವಾರಂಟ್. ಓಣಿಯವರೆಲ್ಲ ನೋಡುತ್ತಿರುವಾಗ ಜಾಮೀನುದಾರರನ್ನು ಕರೆಸಿ, ಇಂಥ ದಿನ ಹಾಜರಾಗುತ್ತೇವೆಂದು ಮುಚ್ಚಳಿಕೆ ಬರೆದುಕೊಟ್ಟೆವು. ಅಂದು ರಾತ್ರಿ ನಮಗೆ ಊಟ ಸೇರಲಿಲ್ಲ.

ನ್ಯಾಯಾಧೀಶರು ಗದರಲಿಲ್ಲ. ಏಕೆ ಬರಲಿಲ್ಲವೆಂದು ಕೇಳಿದರು. ಸುಗ್ಗಿ ಎನ್ನಲು ನಾಲಿಗೆ ಏಳಲಿಲ್ಲ. ನೂರು ರೂಪಾಯಿ ದಂಡ ವಿಧಿಸಿದರು. ಬಾರದ ಸಾಕ್ಷಿಗೆ ಅಲ್ಲಿಯೇ ವಿಚಾರಿಸಿ ಹಾಕಬಹುದಾದ ದಂಡದ ಮಿತಿ ಆಗ ಅಷ್ಟೇ ಇತ್ತು. ‘ಇಷ್ಟೇ ತಾನೆ’ ಎಂದು ನಿಟ್ಟುಸಿರು ಬಿಟ್ಟು ಹೊರಗೆ ಬಂದಾಗ, ಬೇವಿನ ಗಿಡದ ಕೆಳಗೆ ಕುಳಿತಿದ್ದ ಆ ಕೂಲಿಯಾಳಿನ ಹೆಂಡತಿ ಎದ್ದು ನಿಂತಳು.

“ಯಪ್ಪಾ, ಇವತ್ತರೆ ಬಂದ್ರಲ್ಲ. ಹೋದ ಸಲ ಚಾದಂಗಡಿ ಅಜ್ಜ ಬಂದಿದ್ದ. ಈಗ ಅವನೇ ಇಲ್ಲ.”

ನಾವು ತಪ್ಪಿಸಿದ ದಿನ ಆ ಮುದುಕರು ಅಂಗಡಿ ಮುಚ್ಚಿ, ಬಸ್ಸು ಹಿಡಿದು ಹೋಗಿದ್ದರು. ಕಣ್ಣಾರೆ ಕಂಡ ಇಬ್ಬರನ್ನೂ ಒಂದೇ ದಿನ ವಿಚಾರಿಸಬೇಕೆಂದು ಎದುರು ವಕೀಲರು ಕೇಳಿಕೊಂಡದ್ದರಿಂದ ಅವರ ಸಾಕ್ಷ್ಯ ದಾಖಲಾಗದೆ ಪ್ರಕರಣ ಮುಂದಕ್ಕೆ ಹೋಯಿತು. ಮುಂದಿನ ತಾರೀಖಿಗೆ ಅವರು ಉಳಿಯಲಿಲ್ಲ. ನಾವೊಬ್ಬರೇ ಕಟಕಟೆ ಹತ್ತಿದೆವು. ವಾಹನ ರಸ್ತೆಯ ಯಾವ ಮಗ್ಗುಲಿಗಿತ್ತು, ದೀಪ ಹೊತ್ತಿತ್ತೇ ಎಂಬ ಪ್ರಶ್ನೆಗಳಿಗೆ ತಡವರಿಸಿದೆವು. ಸಂದೇಹದ ಲಾಭ ಚಾಲಕನಿಗೆ ದೊರೆಯಿತು. ಪರಿಹಾರದ ಪ್ರಕರಣ ಬೇರೆಯಾಗಿ ನಡೆದು ಆ ತಾಯಿಗೆ ಒಂದಿಷ್ಟು ಹಣ ಬಂದಿತೆಂಬುದೊಂದೇ ಸಮಾಧಾನ. ಆದರೆ ತನ್ನ ಗಂಡನ ಸಾವಿಗೆ ಯಾರು ಹೊಣೆಯೆಂಬ ಅವಳ ಪ್ರಶ್ನೆ ಹಾಗೆಯೇ ಉಳಿಯಿತು. ನಾವು ಕಟ್ಟಿದ ದಂಡ ನೂರು ರೂಪಾಯಿ. ಅವಳು ತೆತ್ತದ್ದಕ್ಕೆ ಲೆಕ್ಕವಿಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ ಅಮೆರಿಕದಲ್ಲಿ ನೆಲೆಸಿರುವ ನಮ್ಮ ತಂಗಿಯ ಮಗನ ದೂರವಾಣಿ ಕರೆ. ಅಲ್ಲಿಯ ಪೌರತ್ವ ಪಡೆದ ಮೇಲೆ ಅವನಿಗೆ ಜ್ಯೂರಿ ಕೆಲಸಕ್ಕೆ ಕರೆ ಬಂದಿತ್ತಂತೆ. ಮತದಾರರ ಪಟ್ಟಿ, ವಾಹನ ಪರವಾನಗಿಯ ಪಟ್ಟಿಗಳಿಂದ ಸಾಮಾನ್ಯ ಜನರ ಹೆಸರು ಆರಿಸಿ, ಅಪರಾಧ ಸಾಬೀತಾಯಿತೇ ಇಲ್ಲವೇ ಎಂಬ ತೀರ್ಮಾನವನ್ನು ಅವರಿಗೇ ಒಪ್ಪಿಸುವ ಪದ್ಧತಿ ಅದು. ನಮ್ಮ ದೇಶದಲ್ಲಿಯೂ ಜ್ಯೂರಿ ಇತ್ತು. ಮುಂಬಯಿಯ 1959ರ ನಾನಾವತಿ ಪ್ರಕರಣ ಹಿರಿಯರಿಗೆ ನೆನಪಿದ್ದೀತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ.

ನಮ್ಮ ಅಳಿಯನ ಕಾಗದ ಜಾಹೀರಾತುಗಳ ರಾಶಿಯಲ್ಲಿ ಸಿಲುಕಿ ದಿನ ಮೀರಿತ್ತು. ಅಲ್ಲಿಯ ಒಕ್ಕೂಟ ನ್ಯಾಯಾಲಯಗಳ ಕಾನೂನಿನಂತೆ, ತಕ್ಕ ಕಾರಣವಿಲ್ಲದೆ ತಪ್ಪಿಸಿಕೊಂಡವರಿಗೆ 1,000 ಡಾಲರಿನವರೆಗೆ ದಂಡ, 3 ದಿನಗಳವರೆಗೆ ಸೆರೆ, ಇಲ್ಲವೆ ಸಮುದಾಯ ಸೇವೆ ವಿಧಿಸಬಹುದು. ಅವನು ಹೆದರಿದ್ದ. ‘ಮಾಡದಲ್ಲಿಡಬೇಡ, ಇಂದೇ ನ್ಯಾಯಾಲಯದ ಕಚೇರಿಗೆ ತಿಳಿಸು’ ಎಂದೆವು. ತಿಳಿಸಿದ, ಅವರು ಬೇರೆ ದಿನ ಕೊಟ್ಟರು. ಅಷ್ಟರಲ್ಲಿಯೇ ಪೊಲೀಸನೆಂದು ಹೇಳಿಕೊಂಡ ಯಾರೋ ಕರೆ ಮಾಡಿ, ಜ್ಯೂರಿ ತಪ್ಪಿಸಿದ್ದಕ್ಕೆ ಕೂಡಲೇ ಹಣ ಕಟ್ಟೆಂದು ಬೆದರಿಸಿದ್ದನಂತೆ. ನಮ್ಮಲ್ಲಿಯ ‘ಡಿಜಿಟಲ್ ಅರೆಸ್ಟ್’ ವಂಚನೆಗೆ ಅದು ಅಣ್ಣನೋ ತಮ್ಮನೋ ಇರಬೇಕು. ಯಾವ ನ್ಯಾಯಾಲಯವೂ ದಂಡವನ್ನು ದೂರವಾಣಿಯಲ್ಲಿ ಬೆದರಿಸಿ ವಸೂಲು ಮಾಡುವುದಿಲ್ಲ. ಅಂತಹ ಕರೆ ಬಂದರೆ 1930ಕ್ಕೆ ದೂರು ಕೊಡಬೇಕು.

ತಾಯಂದಿರು ಒಂದು ಮಾತನ್ನು ಗಮನಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಂತೆ, ಕರೆಯಲ್ಪಟ್ಟವರು ಮನೆಯಲ್ಲಿರದಿದ್ದರೆ ಜೊತೆಗೆ ವಾಸಿಸುವ ವಯಸ್ಕ ಹೆಣ್ಣುಮಕ್ಕಳೂ ಸಮನ್ಸ್ ಪಡೆಯಬಹುದು. ಹಿಂದೆ ಈ ಅಧಿಕಾರ ಗಂಡಸರಿಗಷ್ಟೇ ಇತ್ತು. ಬಾರದ ಸಾಕ್ಷಿಗೆ ಅಲ್ಲಿಯೇ ವಿಚಾರಿಸಿ ಹಾಕುವ ದಂಡ ಈಗ 500 ರೂಪಾಯಿಯವರೆಗೆ ಏರಿದೆ. ಬೇಕೆಂದೇ ನ್ಯಾಯಾಲಯದ ಕರೆ ಮೀರಿದರೆ ಅದು ಬೇರೆ ಅಪರಾಧವಾಗಿ ಆರು ತಿಂಗಳವರೆಗೆ ಸಾದಾ ಸೆರೆ, 10,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾಯಿಲೆಯೋ ಸಾವು-ನೋವೋ ಅಡ್ಡ ಬಂದರೆ ಸರಕಾರಿ ವಕೀಲರ ಮೂಲಕ ಮುಂಚಿತವಾಗಿ ತಿಳಿಸಿದರೆ ಬೇರೆ ದಿನ ಕೇಳಿಕೊಳ್ಳಲು ದಾರಿಯಿದೆ.

ಬಂಧುಗಳೇ, ಸಮನ್ಸ್ ಬಂದೊಡನೆ ಅದನ್ನು ಮನೆಯವರೆಲ್ಲರೂ ಓದಿರಿ, ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಆ ದಿನ ನಮ್ಮ ದಾರಿ ಕಾಯುವವರು ನ್ಯಾಯಾಧೀಶರು ಮಾತ್ರವಲ್ಲ. ಕೂಲಿ ಬಿಟ್ಟು ಬಂದು ಬೇವಿನ ಗಿಡದ ಕೆಳಗೆ ಕುಳಿತವರೂ ಇರುತ್ತಾರೆ.