ಬೆಂಗಳೂರಿಗೆ ಎಷ್ಟು ಅಂಕ?

2024ರ ಸಂಕ್ರಾಂತಿಗೆ ಮಗಳು ಬೆಂಗಳೂರಿನಿಂದ ಊರಿಗೆ ಬಂದಿದ್ದಳು. ಎಳ್ಳು ಬೆಲ್ಲ ಬೀರಲು ಬಂದಳೆಂದು ನಾವು ತಿಳಿದರೆ, ಬ್ಯಾಗಿನಿಂದ ಮೊದಲು ಹೊರಬಂದದ್ದು ಲ್ಯಾಪ್‌ಟಾಪು. ಜಗುಲಿಯ ಮೇಲೆ ಕುಳಿತು ಅದನ್ನು ತೆರೆಯುವುದು, ಒಂದು ಅಂಕಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. "ಹಬ್ಬದ ದಿನವೂ ಆಫೀಸೇನೇ?" ಎಂದು ಅವರಮ್ಮ ಒಳಗಿನಿಂದ ಎರಡು ಸಲ ಗದರಿಸಿದ್ದಾಯಿತು. ಇಪ್ಪತ್ತೆಂಟು ವರ್ಷಗಳಿಂದ ಉತ್ತರ ಪತ್ರಿಕೆ ತಿದ್ದುತ್ತಿರುವ ನನಗೆ ಆ ಮುಖದ ಅರ್ಥ ಗೊತ್ತಾಯಿತು. ಎಷ್ಟು ಅಂಕ ಕೊಡಬೇಕೆಂದು ತಿಳಿಯದೆ ಒದ್ದಾಡುವವರ ಮುಖ ಹಾಗೇ ಇರುತ್ತದೆ.

"ಯಾರ ಪೇಪರ್ ತಿದ್ದುತ್ತಿದ್ದೀಯಮ್ಮ?" ಎಂದೆ.

"ಬೆಂಗಳೂರಿನದು ಅಪ್ಪ" ಎಂದಳು.

ವಿಷಯ ಇಷ್ಟು. ಅವಳ ಕಂಪನಿಯ ಮುಖ್ಯ ಕಚೇರಿ ಅಮೆರಿಕದ ಚಿಕಾಗೋದಲ್ಲಿದೆ. ಗೋದಾಮುಗಳ ಸರಕಿನ ಲೆಕ್ಕ ಇಡುವ ತಂತ್ರಾಂಶ ಮಾಡುತ್ತಾರೆ. ಕಂಪನಿಯವರು ಹೊರದೇಶದಲ್ಲಿ ಇನ್ನೊಂದು ತಂಡ ಕಟ್ಟಬೇಕು, ಈಗಿರುವ ಕೆಲಸವನ್ನೂ ಎಲ್ಲೆಲ್ಲಿ ಮಾಡಿಸುವುದು ಒಳ್ಳೆಯದೆಂದು ಹೊಸದಾಗಿ ನೋಡಬೇಕು ಎಂದು ತೀರ್ಮಾನಿಸಿದ್ದರು. ಕಣದಲ್ಲಿ ಮೂರು ಊರು: ನಮ್ಮ ಬೆಂಗಳೂರು, ಪೋಲೆಂಡಿನ ಕ್ರಾಕೋ, ಮೆಕ್ಸಿಕೋದ ಗ್ವಾದಲಹಾರ. ಒಂದು ಕೋಷ್ಟಕ, ಎಂಟು ಸಾಲು, ಪ್ರತಿ ಸಾಲಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ, ಪಕ್ಕದಲ್ಲಿ ಕಾರಣ. ಬೆಂಗಳೂರಿನ ಕಾಲಮ್ಮನ್ನು ತುಂಬುವ ಕೆಲಸ ನನ್ನ ಮಗಳ ಪಾಲಿಗೆ ಬಂದಿತ್ತು.

ಅವಳನ್ನು ಕಾಡುತ್ತಿದ್ದದ್ದು ಬೇರೆ. ಅವಳ ಪಕ್ಕದ ಸಾಲಿನಲ್ಲಿ ಕೂರುವ ಹನ್ನೆರಡು ಜನರ ತಂಡದ ಕೆಲಸವೆಂದರೆ, ಅಮೆರಿಕದ ಗಿರಾಕಿಗಳಿಗೆ ತೊಂದರೆ ಬಂದೊಡನೆ ಅವರ ಜೊತೆ ಮಾತಾಡುತ್ತಲೇ ಸರಿಪಡಿಸುವುದು. ಅಂಕ ಕಡಿಮೆಯಾದರೆ ಮೊದಲು ಎದ್ದು ಹೋಗುವುದು ಆ ಕೆಲಸ. ಆ ಹನ್ನೆರಡರಲ್ಲಿ ಒಬ್ಬ ನಮ್ಮ ಊರಿನವನೇ, ನನ್ನ ಶಿಷ್ಯ. ಅವನ ತಂದೆ ಕೊಬ್ಬರಿ ವ್ಯಾಪಾರಿಗಳು. ದಿನಾ ಬೆಳಿಗ್ಗೆ ನನಗೆ ಎದುರಾಗುವವರು.

ಅಮೆರಿಕದವರು ನಮ್ಮಲ್ಲಿಗೆ ಬರುವುದು ಸಂಬಳ ಅಗ್ಗ ಎಂಬ ಒಂದೇ ಕಾರಣಕ್ಕೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅದನ್ನೇ ಹೇಳಿದೆ. "ಸಂಬಳ ಒಂದು ಸಾಲು ಅಷ್ಟೇ ಅಪ್ಪ. ಇನ್ನೂ ಏಳು ಸಾಲು ಇವೆಯಲ್ಲ" ಎಂದು ನಕ್ಕಳು. ಆಮೇಲೆ ಯೋಚಿಸಿದರೆ ನಮ್ಮ ಸೀಮೆಯ ರೈತನಿಗೂ ಇದು ಗೊತ್ತಿರುವ ಲೆಕ್ಕವೇ. ಕೊಬ್ಬರಿಯನ್ನು ತಿಪಟೂರಿಗೆ ಒಯ್ಯಬೇಕೋ ಅರಸೀಕೆರೆಗೋ ಎನ್ನುವಾಗ ಅವನು ಬರೀ ಧಾರಣೆ ನೋಡುತ್ತಾನೆಯೆ? ಬಾಡಿಗೆ ಎಷ್ಟು, ತೂಕ ಸರಿಯೆ, ದುಡ್ಡು ಅಂದೇ ಕೈಗೆ ಬರುತ್ತದೆಯೆ, ಸಂಜೆಯೊಳಗೆ ಮನೆ ಸೇರಬಹುದೆ, ಎಲ್ಲವನ್ನೂ ನೋಡುತ್ತಾನೆ. ಚಿಕಾಗೋದವನೂ ನೋಡುವುದು ಅದನ್ನೇ. ಕಡಿಮೆ ಸಂಬಳದವನು ಮಾಡಿದ ಕೆಲಸವನ್ನು ಎರಡು ಸಲ ತಿದ್ದಬೇಕಾಗಿ ಬಂದರೆ ಅದು ಅಗ್ಗವಲ್ಲ.

ಹಬ್ಬದ ಊಟವಾದ ಮೇಲೆ ನಾನೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ.

ಮೊದಲ ಸಾಲು, ಜನ. ಒಂದು ತಂಡಕ್ಕೆ ಬೇಕಾದ ಎಂಜಿನಿಯರುಗಳು ಆ ಊರಿನಲ್ಲಿ ಸಿಗುತ್ತಾರೆಯೆ ಎಂಬ ಪ್ರಶ್ನೆ. ಇಲ್ಲಿ ಬೆಂಗಳೂರಿಗೆ ಒಂಬತ್ತು. ಆ ಒಂಬತ್ತು ಒಂದು ದಿನದಲ್ಲಿ ಬಂದದ್ದಲ್ಲ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ, 1940ರ ವಿಮಾನ ಕಾರ್ಖಾನೆ, 1948ರಲ್ಲಿ ಬಂದ ಐ.ಟಿ.ಐ., 1954ರ ಬಿ.ಇ.ಎಲ್., ಇವೆಲ್ಲ ಸೇರಿ ಎರಡು ಮೂರು ತಲೆಮಾರಿನ ತಾಂತ್ರಿಕ ಕುಟುಂಬಗಳನ್ನು ಬೆಳೆಸಿದವು. 1970ರ ದಶಕದಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋಣಪ್ಪನ ಅಗ್ರಹಾರದ ಬಯಲಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಕನಸು ಕಂಡರು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹದ ಮೂಲಕ ತನ್ನ ದೇಶಕ್ಕೆ ನೇರ ಸಂಪರ್ಕ ಏರ್ಪಡಿಸಿಕೊಂಡಿತು. ಟೆಲಿಫೋನ್ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಅವರು ಬಂದದ್ದು ಹವೆ ತಂಪಾಗಿದೆ ಎಂದಷ್ಟೇ ಅಲ್ಲ. ಜನ ಆಗಲೇ ಇದ್ದರು.

ಉಳಿದೆರಡು ಊರುಗಳೂ ಸಾಮಾನ್ಯವಲ್ಲ. ಗ್ವಾದಲಹಾರದಲ್ಲಿ ಐ.ಬಿ.ಎಂ. 1975ರಲ್ಲಿಯೇ ಕಾರ್ಖಾನೆ ತೆರೆದಿತ್ತು. ಯಂತ್ರ ಜೋಡಿಸುವುದರಿಂದ ಶುರುವಾದ ಊರು ಕ್ರಮೇಣ ತಂತ್ರಾಂಶಕ್ಕೂ ಬಂತು. ಕ್ರಾಕೋದ ವಿಶ್ವವಿದ್ಯಾಲಯ 1364ರದು. ಕೊಪರ್ನಿಕಸ್ 1491ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿ ಸೇರಿದ್ದ. ಮೋಟೊರೋಲಾ ಕಂಪನಿ 1998ರಲ್ಲಿ ಅಲ್ಲಿ ತಂತ್ರಾಂಶ ಕೇಂದ್ರ ತೆರೆಯಿತು. "ಕೊಪರ್ನಿಕಸ್ ಓದಿದ ಊರಿಗೆ ಕೆಲಸ ಹೋದರೆ ನಿನಗೆ ಅಷ್ಟೇನೂ ಬೇಜಾರಾಗಲ್ಲ ಬಿಡು" ಎಂದು ಮಗಳು ರೇಗಿಸಿದಳು.

ಎರಡನೆಯ ಸಾಲು ಗಡಿಯಾರ. ಇದು ನನ್ನ ಕ್ಷೇತ್ರ! ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಗಂಟೆಗೆ 15 ಡಿಗ್ರಿ. ನಮ್ಮ ಕಾಲಮಾನದ ರೇಖಾಂಶ 82.5 ಡಿಗ್ರಿ ಪೂರ್ವ. ಅದನ್ನು 15ರಿಂದ ಭಾಗಿಸಿದರೆ ಐದೂವರೆ ಗಂಟೆ. ಗ್ರೀನಿಚ್‌ಗಿಂತ ನಾವು ಅಷ್ಟು ಮುಂದೆ. ಚಿಕಾಗೋ ಚಳಿಗಾಲದಲ್ಲಿ ಆರು ಗಂಟೆ ಹಿಂದೆ. ಒಟ್ಟು ಹನ್ನೊಂದೂವರೆ ಗಂಟೆಯ ಅಂತರ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿ ತೆರೆದಾಗ ಇಲ್ಲಿ ರಾತ್ರಿ ಎಂಟೂವರೆ. ಕ್ರಾಕೋದಲ್ಲಿ ಆಗ ಸಂಜೆ ನಾಲ್ಕು. ಗ್ವಾದಲಹಾರದಲ್ಲಿ ಅದೇ ಬೆಳಗಿನ ಒಂಬತ್ತು.

ಮಕ್ಕಳಿಗೆ ನಾನು ಹೇಳುವುದುಂಟು: ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಬೆಂಗಳೂರಿನ ಸುದ್ದಿ ಸೆಕೆಂಡಿನ ಐದನೇ ಒಂದು ಭಾಗದೊಳಗೆ ಅಮೆರಿಕ ಮುಟ್ಟಬಲ್ಲದು. ದೂರ ಈಗ ತೊಂದರೆಯೇ ಅಲ್ಲ. ಆದರೆ ಸೂರ್ಯನನ್ನು ಬೇಗ ಹುಟ್ಟಿಸುವ ತಂತಿ ಯಾವುದೂ ಇಲ್ಲವಲ್ಲ. ಒಂದು ಊರು ಮಲಗಿದಾಗ ಇನ್ನೊಂದು ಊರು ಕೆಲಸ ಮುಂದುವರಿಸುವುದು ಕೆಲವಕ್ಕೆ ಒಳ್ಳೆಯದೇ. ಬರೆದಿಟ್ಟ ತಂತ್ರಾಂಶವನ್ನು ರಾತ್ರಿಯಿಡೀ ಪರೀಕ್ಷಿಸಿ ಬೆಳಿಗ್ಗೆಗೆ ಒಪ್ಪಿಸಬಹುದು. ಕ್ಷಣಕ್ಷಣಕ್ಕೂ ಮಾತಾಡಬೇಕಾದ ಕೆಲಸಕ್ಕೆ ಮಾತ್ರ ಆಗದು. ಈ ಸಾಲಿನಲ್ಲಿ ಅವಳು ಬೆಂಗಳೂರಿಗೆ ಮೂರು ಹಾಕಿದ್ದಳು.

ಇನ್ನೊಂದು ಸಾಲು ಕಾನೂನು. ಐರೋಪ್ಯ ಒಕ್ಕೂಟದ ಜನರ ಖಾಸಗಿ ಮಾಹಿತಿಯನ್ನು ಹೊರದೇಶಕ್ಕೆ ಒಯ್ಯಲು 2018ರಲ್ಲಿ ಜಾರಿಗೆ ಬಂದ ಅವರ ಕಟ್ಟುನಿಟ್ಟಿನ ಕಾನೂನು ಹಲವು ಷರತ್ತು ಹಾಕುತ್ತದೆ. 2004ರಲ್ಲೇ ಒಕ್ಕೂಟ ಸೇರಿದ ಪೋಲೆಂಡಿಗೆ ಆ ಚಿಂತೆಯಿಲ್ಲ. ನಮ್ಮಲ್ಲಿ ಇಂಥ ಕಾಯಿದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಮತ್ತೊಂದು ಸಾಲು ಅಪಾಯ. ಯುಕ್ರೇನಿನ ಖಾರ್ಕಿವ್, ಲ್ವಿವ್ ಊರುಗಳಲ್ಲಿ ತಂತ್ರಾಂಶ ಮಾಡಿಸುತ್ತಿದ್ದ ಕಂಪನಿಗಳೆಷ್ಟೋ! 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ನುಗ್ಗಿದಾಗ ಎಲ್ಲ ಲೆಕ್ಕವೂ ತಲೆಕೆಳಗಾಯಿತು. ಯಾವ ಊರಿಗೂ ಪೂರ್ಣ ಅಂಕವಿಲ್ಲ ಎಂದು ಅಂದಿನಿಂದ ಎಲ್ಲರೂ ಕಲಿತರು. ಬೆಂಗಳೂರಿನದೂ ಬರೆಯಬೇಕಲ್ಲ, 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತು, ಎಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ಜಗತ್ತೇ ನೋಡಿತು.

ಕೊನೆಯ ಸಾಲಿಗೆ ಬಂದಾಗ ಮಗಳ ಬೆರಳು ನಿಂತಿತು. ಜನ ಉಳಿಯುತ್ತಾರೆಯೆ? ಆ ಹನ್ನೆರಡು ಜನರ ತಂಡದಲ್ಲಿ ಒಂದೂವರೆ ವರ್ಷದಲ್ಲಿ ಐವರು ಬಿಟ್ಟುಹೋಗಿ ಹೊಸಬರು ಬಂದಿದ್ದರು. ನಿಜವಾದ ಅಂಕ ಎರಡು. ಎರಡು ಎಂದು ಬರೆದರೆ ಪಕ್ಕದ ಸಾಲು ಖಾಲಿಯಾಗಬಹುದು.

"ಒಂದು ಆರು ಹಾಕಿಬಿಡಮ್ಮ" ಎಂದೆ ನಾನು. "ನಿನ್ನ ಊರು, ನಿನ್ನ ಜನ. ಎರಡು ಅಂಕ ಹೆಚ್ಚು ಕಡಿಮೆಯಾದರೆ ಅಮೆರಿಕ ಮುಳುಗುತ್ತದೆಯೆ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಲೋಲಕ ಮರೆತುಹೋಯಿತಾ?" ಎಂದಳು. ಶಾಲೆಯಲ್ಲಿ ನನ್ನನ್ನು ಸಾರ್ ಎಂದೇ ಕರೆಯಬೇಕೆಂದು ಕಟ್ಟಪ್ಪಣೆ ಮಾಡಿದ್ದೆ. ಮನೆಯಲ್ಲಿ ಅವಳು ಆ ಮಾತು ಬಳಸುವುದು ನನ್ನ ತಪ್ಪನ್ನು ತೋರಿಸುವಾಗ ಮಾತ್ರ.

ಮರೆತಿರಲಿಲ್ಲ. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಶನಿವಾರ ವಿಜ್ಞಾನ ಸಂಘದ ಮಕ್ಕಳಿಗೆ ಸರಳ ಲೋಲಕದ ಪ್ರಯೋಗ ಮಾಡಿಸಿದ್ದೆ. ಒಂದು ಮೀಟರ್ ಉದ್ದದ ದಾರ, ತುದಿಗೆ ಗುಂಡು, ಇಪ್ಪತ್ತು ಆಂದೋಲನಗಳಿಗೆ ಎಷ್ಟು ಸೆಕೆಂಡು ಎಂದು ಅಳೆದು ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಎಲ್ಲರ ಪುಸ್ತಕದಲ್ಲೂ 9.8 ಬಂದಿತ್ತು. ನನ್ನ ಮಗಳು ಮಾತ್ರ 10.9 ಎಂದು ಬರೆದಿದ್ದಳು. ಮೇಷ್ಟ್ರ ಮಗಳೇ ತಪ್ಪು ಮಾಡಿದಳೆಂದು ನನಗೆ ಅವಮಾನ. ಎಲ್ಲರೆದುರು ಬೈದು, ಹೊಡೆದುಹಾಕಿಸಿ, 9.8 ಎಂದು ಬರೆಸಿದೆ.

ಮನೆಗೆ ಬಂದ ಮೇಲೂ ಅವಳು ಬಿಡಲಿಲ್ಲ. "38 ಸೆಕೆಂಡೇ ಆಗಿದ್ದು ಅಪ್ಪ, ಮೂರು ಸಲ ನೋಡಿದೆ" ಎಂದು ಅತ್ತಳು. ರಾತ್ರಿ ನಾನೇ ಬಾಗಿಲ ಚಿಲಕಕ್ಕೆ ದಾರ ಕಟ್ಟಿ ಎಣಿಸಿದೆ. ಆಗ ತಿಳಿಯಿತು. ಗುಂಡನ್ನು ಬಿಡುವಾಗ 'ಸೊನ್ನೆ' ಎನ್ನಬೇಕು. ನಾನು ಮಕ್ಕಳಿಗೆ ಕಲಿಸಿದ್ದು 'ಒಂದು' ಎಂದು. ಹೀಗೆ ಎಣಿಸಿದರೆ ಇಪ್ಪತ್ತು ಎಂದಾಗ ಆಗಿರುವುದು ಹತ್ತೊಂಬತ್ತೇ ಆಂದೋಲನ. ತರಗತಿಯ ಎಲ್ಲರಿಗೂ 10.9 ಬರಬೇಕಾಗಿತ್ತು. ಉಳಿದವರು ಪಠ್ಯಪುಸ್ತಕ ನೋಡಿ ಅಂಕಿ ತಿದ್ದಿದ್ದರು, ನಾನು ಅವರಿಗೆಲ್ಲ 'ಉತ್ತಮ' ಎಂದು ಬರೆದಿದ್ದೆ. ನನ್ನ ತಪ್ಪನ್ನು ನನಗೆ ತೋರಿಸಿದ್ದು ಆ ಒಂದು 'ತಪ್ಪು' ಉತ್ತರ. ಸೋಮವಾರ ತರಗತಿಯಲ್ಲಿ ಅದನ್ನು ಒಪ್ಪಿಕೊಂಡೆನೋ ಎಂದರೆ, ಇಲ್ಲ. ಎಣಿಸುವ ಕ್ರಮವನ್ನು ಸದ್ದಿಲ್ಲದೆ ಬದಲಿಸಿದೆ, ಅಷ್ಟೆ.

ಮಗಳು ಎರಡು ಎಂದೇ ಬರೆದಳು. ಪಕ್ಕದಲ್ಲಿ ಕಾರಣವನ್ನೂ ಬರೆದಳು: ಜನ ಬಿಡುತ್ತಿರುವುದು ಸಂಬಳಕ್ಕಲ್ಲ, ವಾರಕ್ಕೆ ಐದು ರಾತ್ರಿ ಹನ್ನೆರಡರವರೆಗೆ ಕೂರಬೇಕಾದ್ದಕ್ಕೆ. ಊರಿಗೆ ವಾಪಸು ಹೊರಡುವ ಮುನ್ನ ಆ ಹುಡುಗನಿಗೂ ಫೋನ್ ಮಾಡಿ, "ನಾನು ಹೀಗೆ ಬರೆದಿದ್ದೇನೆ ಕಣೋ" ಎಂದು ಹೇಳಿದಳು. ನನ್ನಿಂದಾಗದಿದ್ದದ್ದನ್ನು ಅವಳು ಮಾಡಿದಳು.

ಜೂನ್‌ನಲ್ಲಿ ತೀರ್ಮಾನ ಬಂತು. ಹೊಸ ತಂಡ ಬೆಂಗಳೂರಿಗೇ ದಕ್ಕಿತು. ಗಿರಾಕಿಗಳ ಜೊತೆ ಮಾತಾಡುವ ಕೆಲಸ ಗ್ವಾದಲಹಾರಕ್ಕೆ ಹೋಯಿತು. ಇಲ್ಲಿ ಉಳಿದವರಿಗೆ ರಾತ್ರಿ ಸಭೆ ವಾರಕ್ಕೆ ಒಂದೇ ಎಂದಾಯಿತು. ಹನ್ನೆರಡು ಜನರಲ್ಲಿ ಎಂಟು ಮಂದಿಗೆ ಹೊಸ ತಂಡದಲ್ಲಿ ಜಾಗ ಸಿಕ್ಕಿತು. ನಾಲ್ವರಿಗೆ ಸಿಗಲಿಲ್ಲ. ನಮ್ಮ ಹುಡುಗ ಆ ನಾಲ್ವರಲ್ಲಿ ಒಬ್ಬ.

ಒಂದು ಸಂಜೆ ಅವನ ತಂದೆ ಮನೆಗೆ ಬಂದರು. ಕಾಫಿ ಮುಟ್ಟಲಿಲ್ಲ. "ಮೇಷ್ಟ್ರೇ, ಕಂಪ್ಯೂಟರ್ ಓದಿಸಿದರೆ ಜೀವನಪೂರ್ತಿ ಯೋಚನೆಯಿಲ್ಲ ಅಂತ ನೀವೇ ಹೇಳಿದ್ದಿರಿ. ಅಮೆರಿಕದವರಿಗೆ ನನ್ನ ಮಗನ ಮೇಲೆ ಏನು ಸಿಟ್ಟು?" ಎಂದರು. ಹೌದು, ಹೇಳಿದ್ದೆ. ಎಷ್ಟೋ ತಂದೆತಾಯಿಗಳಿಗೆ ಹೇಳಿದ್ದೆ. ಈ ಸಲ ತಪ್ಪನ್ನು ಒಪ್ಪಿಕೊಂಡೆ. ಆ ಕೋಷ್ಟಕ ತುಂಬಿದವಳು ನನ್ನ ಮಗಳೆಂಬುದನ್ನೂ ಮುಚ್ಚಿಡಲಿಲ್ಲ. "ಹುಡುಗ ಹೇಳಿದ" ಎಂದರು ಅವರು. ಶಾಲೆಯಿಂದ ತಂದಿಟ್ಟುಕೊಂಡಿದ್ದ ಗೋಳವನ್ನು ತಿರುಗಿಸಿ ಚಿಕಾಗೋ, ಗ್ವಾದಲಹಾರ, ಬೆಂಗಳೂರು ಮೂರನ್ನೂ ತೋರಿಸಿದೆ. ಬಹಳ ಹೊತ್ತು ನೋಡಿ, "ಹಾಗಾದರೆ ಇದು ಸಿಟ್ಟಲ್ಲ, ಬಾಡಿಗೆ ಲೆಕ್ಕ" ಎಂದರು. ವ್ಯಾಪಾರ ಮಾಡಿದವರು, ಅವರಿಗೆ ಅರ್ಥವಾಯಿತು. ನೋವು ಕಡಿಮೆಯಾಯಿತೆಂದು ನಾನು ಹೇಳಲಾರೆ.

ಹುಡುಗನಿಗೆ ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಈಗಿನದು ಜರ್ಮನಿಯ ಕಂಪನಿ. ಅಲ್ಲಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾನೆ. ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಅವನು ಕೇಳಿದ್ದು ಮುಖ್ಯ ಕಚೇರಿ ಯಾವ ಊರು ಎಂದಂತೆ!

ಪಿ.ಯು.ಸಿ. ಫಲಿತಾಂಶ ಬಂದಾಗ ಪೋಷಕರು ಈಗಲೂ ಬರುತ್ತಾರೆ, "ಯಾವುದಕ್ಕೆ ಸೇರಿಸಿದರೆ ಕೆಲಸ ಗ್ಯಾರಂಟಿ ಸಾರ್?" ಎಂದು ಕೇಳುತ್ತಾರೆ. ಗ್ಯಾರಂಟಿ ಎಂಬ ಮಾತನ್ನು ನಾನು ಬಿಟ್ಟಿದ್ದೇನೆ. ಕೆಲಸ ಊರಿಂದ ಊರಿಗೆ ಹೋಗುತ್ತದೆ, ನಮಗೆ ಬಂದದ್ದೂ ಇನ್ನೊಂದು ಊರಿಂದಲೇ ಎನ್ನುತ್ತೇನೆ. ಹುಡುಗ ಯಾವ ವಿಷಯವನ್ನು ಯಾರೂ ಹೇಳದೆಯೂ ಕೂತು ಓದುತ್ತಾನೆ ಎಂದು ಕೇಳುತ್ತೇನೆ. ಕೆಲವರಿಗೆ ಸಮಾಧಾನವಾಗುವುದಿಲ್ಲ, ಬೇರೆ ಮೇಷ್ಟ್ರ ಬಳಿ ಹೋಗುತ್ತಾರೆ.

ಈ ವರ್ಷ ಲೋಲಕದ ಪ್ರಯೋಗ ಮಾಡಿಸುವಾಗ, ಹಿಂದೊಮ್ಮೆ ಒಬ್ಬ ಹುಡುಗಿಗೆ 10.9 ಬಂದ ಕಥೆಯನ್ನು, ತಪ್ಪು ಯಾರದಾಗಿತ್ತು ಎಂಬುದನ್ನೂ ಸೇರಿಸಿ, ಮಕ್ಕಳಿಗೆ ಹೇಳಿದೆ. ಆ ದಿನ ಮೂರು ಮಕ್ಕಳ ಪುಸ್ತಕದಲ್ಲಿ 9.8 ಅಲ್ಲದ ಉತ್ತರಗಳಿದ್ದವು. ಮೂವರನ್ನೂ ಕರೆದು ಕೂರಿಸಿಕೊಂಡು, ಇನ್ನೊಮ್ಮೆ ಎಣಿಸಿದೆವು.