ಒಂದು ಸೀಸನ್ನಿನ ದುಡ್ಡಿಗೆ ಯಾವ ಪೆಡಲ್?

ನಮ್ಮ ಬ್ಯಾಚಿನವರೆಲ್ಲ ಮೊದಲ ಸಂಬಳ ಕೂಡಿಟ್ಟು ಕ್ಯಾಮೆರಾ ತಗೊಂಡರು. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಸಿಂಥಸೈಜರ್, ಕೋರ್ಗ್ ಮಿನಿಲಾಗ್. 37 ಕೀ, ಒಂದು ಸಲಕ್ಕೆ ನಾಲ್ಕೇ ಸ್ವರ. ರಿದಮ್ ಇಲ್ಲ, ತಬಲಾ ಇಲ್ಲ, ಶಹನಾಯಿ ಇಲ್ಲ. ವಾರವಿಡೀ ವರದಿ ಬರೆದು, ಶನಿವಾರ-ಭಾನುವಾರ ಜಾತ್ರೆ, ಮದುವೆ ಅಂತ ಊರಿನ ಆರ್ಕೆಸ್ಟ್ರಾದಲ್ಲಿ ಇದನ್ನು ನುಡಿಸುತ್ತೇನೆ.

ಈ ಸಲ ಸೀಸನ್ ಮುಗಿಯುವಾಗ ತಂಡದ ಯಜಮಾನರು ಒಂದು ಮಾತು ಹೇಳಿದರು: "ನಿನ್ನ ಪೆಟ್ಟಿಗೆಯ ಸದ್ದು ತೆಳು ಮಾರಾಯ, ಮೈದಾನಕ್ಕೆ ಸಾಲುವುದಿಲ್ಲ." ಮುಂದಿನ ವರ್ಷ ರಿದಮ್ ಸಮೇತ ಇರುವ ಕೀಬೋರ್ಡಿನವನನ್ನು ಕರೆಸುವ ಯೋಚನೆಯೂ ಅವರಿಗಿದೆ. ಸಿಕ್ಕ ದುಡ್ಡಲ್ಲಿ ಅರ್ಧ ಮಳೆಗಾಲಕ್ಕೆ ಮೊದಲು ಮನೆಯ ಮಾಡಿಗೆ ಹೋಗಲೇಬೇಕು. ಉಳಿದಿದ್ದರಲ್ಲಿ ಒಂದು ಪೆಡಲ್ ಬರುತ್ತದೆ. ಒಂದೇ. "ಕಾಲಲ್ಲಿ ಮೆಟ್ಟುವ ಡಬ್ಬಿಗೆ ಇಷ್ಟು ದುಡ್ಡಾ?" ಅಂತ ಅಮ್ಮ ಕೇಳಿದ್ದೂ ಆಯಿತು.

ಪೆಡಲ್ ಅಂದರೆ ಡಬ್ಬಿಯೇ ಸೈ. ಸಿಂಥಿನಿಂದ ಹೊರಟ ಸದ್ದು ಅದರೊಳಗೆ ಹೊಕ್ಕು, ಬದಲಾಗಿ, ಆಚೆ ಬರುತ್ತದೆ. ಡಿಸ್ಟಾರ್ಷನ್ ಸದ್ದನ್ನು ಒರಟು ಮಾಡುತ್ತದೆ. ಡಿಲೇ ಸದ್ದನ್ನು ಸ್ವಲ್ಪ ತಡೆದು ಮತ್ತೆ ಕೇಳಿಸುತ್ತದೆ, ಗುಡ್ಡದ ಬದಿಯಲ್ಲಿ ನಿಂತು ಕೂ ಹಾಕಿದ ಹಾಗೆ. ರಿವರ್ಬ್ ಖಾಲಿ ಸಭಾಭವನದ ಗುಂಗು. ಕೋರಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಭಜನೆಯಲ್ಲಿ ಹತ್ತು ಜನ ಒಂದೇ ಸಾಲು ಹಾಡುವಾಗ ಎಲ್ಲರ ಶ್ರುತಿಯೂ ಕೂದಲೆಳೆಯಷ್ಟು ಆಚೀಚೆ ಇರುತ್ತದೆ, ಅದಕ್ಕೇ ಅದು ತುಂಬಿಕೊಂಡು ಕೇಳುವುದು. ಕೋರಸ್ ಪೆಡಲ್ ಮಾಡುವುದೂ ಇದನ್ನೇ. ಸದ್ದಿನ ಒಂದು ನಕಲನ್ನು ಕೆಲವೇ ಮಿಲಿಸೆಕೆಂಡ್ ತಡಮಾಡಿ, ಆ ತಡವನ್ನೂ ತೂಗಾಡಿಸಿ, ಮೂಲದ ಜೊತೆ ಬೆರೆಸುತ್ತದೆ. 1982ರಲ್ಲಿ ಬಂದ ರೋಲ್ಯಾಂಡ್ ಜೂನೋ-60ಯಲ್ಲಿ ಒಂದು ಸ್ವರಕ್ಕೆ ಒಂದೇ ಆಸಿಲೇಟರ್. ಆದರೂ ಆ ಸದ್ದು ದಪ್ಪ ಅಂತ ಹೆಸರು ಮಾಡಿದ್ದು ಒಳಗಿದ್ದ ಕೋರಸ್‌ನಿಂದ.

ಗಿಟಾರಿನವರ ಪೆಡಲ್ ಕೀಬೋರ್ಡಿಗೆ ಯಾಕೆ ಅನ್ನುವವರಿಗೆ ಫ್ರಾನ್ಸಿನ ಜಾನ್ ಮಿಷೆಲ್ ಜಾರ್ ಇದ್ದಾರೆ. 1976ರ 'ಆಕ್ಸಿಜೆನ್' ಆಲ್ಬಮ್ಮನ್ನು ಅವರು ಪ್ಯಾರಿಸಿನ ತಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ಅದರಲ್ಲಿ ತೇಲಾಡುವ ಸದ್ದು ಎಮಿನೆಂಟ್ ಆರ್ಗನ್ನಿಗೆ ಸ್ಮಾಲ್ ಸ್ಟೋನ್ ಅನ್ನುವ ಪುಟ್ಟ ಫೇಸರ್ ಪೆಡಲ್ ಸೇರಿಸಿ ಬಂದದ್ದು. ಒಂದು ಡಬ್ಬಿ ಅಷ್ಟು ಮಾಡಿತು.

ಹಲವು ಪೆಡಲ್ ಇದ್ದರೆ ಜೋಡಿಸುವ ಕ್ರಮ ಮುಖ್ಯ. ರೂಢಿ ಹೀಗೆ: ಮೊದಲು ಡಿಸ್ಟಾರ್ಷನ್, ಆಮೇಲೆ ಕೋರಸ್ ಅಥವಾ ಫೇಸರ್, ನಂತರ ಡಿಲೇ, ಕೊನೆಗೆ ರಿವರ್ಬ್. ರಿವರ್ಬ್ ಮೊದಲು ಹಾಕಿ ಡಿಸ್ಟಾರ್ಷನ್ ಆಮೇಲೆ ಹಾಕಿದರೆ ಆ ಗುಂಗೂ ಒರಟಾಗಿ ಎಲ್ಲಾ ಕಲಸುಮೇಲೋಗರ. ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ, ಅವರಿಗೆ ಬೇಕಾದ್ದೇ ಆ ಕೆಸರು. ನನ್ನ ಜಾತ್ರೆಗೆ ಅದು ಬೇಡ.

ಈಗ ನನ್ನ ಲೆಕ್ಕ. ಡಿಲೇ ಮಿನಿಲಾಗ್ ಒಳಗೇ ಇದೆ, ದುಡ್ಡು ಹಾಕುವುದು ದಂಡ. (ಡಿಲೇ ಇದ್ದವರಿಗೆ ಒಂದು ಸೂತ್ರ: 60,000ವನ್ನು ಹಾಡಿನ ವೇಗದಿಂದ ಭಾಗಿಸಿ. ನಿಮಿಷಕ್ಕೆ 120 ಬೀಟ್ ಆದರೆ 500 ಮಿಲಿಸೆಕೆಂಡ್, ಪ್ರತಿಧ್ವನಿ ತಾಳಕ್ಕೆ ಸರಿಯಾಗಿ ಬೀಳುತ್ತದೆ.) ಯೂಟ್ಯೂಬಿನಲ್ಲಿ ಎಲ್ಲರೂ ರಿವರ್ಬ್ ಕೊಳ್ಳಿ ಅನ್ನುತ್ತಾರೆ. ಅವರು ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತವರು. ನಮ್ಮ ಮೈಕಿನವರನ್ನು ಅವರು ನೋಡಿಲ್ಲ! ಇಲ್ಲಿ ಮೈಕಿನವರು ಹಾಡಿಗೂ, ಭಾಷಣಕ್ಕೂ, "ಬಿಳಿ ಕಾರಿನವರು ಗಾಡಿ ತೆಗೆಯಿರಿ" ಅನ್ನುವುದಕ್ಕೂ ಎಕೋ ಹಾಕುತ್ತಾರೆ. ಅದರ ಮೇಲೆ ನನ್ನ ರಿವರ್ಬ್ ಬಿದ್ದರೆ ಹಾಡುವವರ ಸಾಹಿತ್ಯವೇ ಮುಳುಗುತ್ತದೆ. ಸ್ಟೀರಿಯೋ ಪೆಡಲ್ಲಿಗೆ ಹೆಚ್ಚು ಕೊಡುವುದಕ್ಕೂ ಅರ್ಥವಿಲ್ಲ. ಮೈದಾನದ ಎರಡೂ ಬದಿಯ ಬಾಕ್ಸಿಗೆ ಹೋಗುವುದು ಒಂದೇ ಸದ್ದು. ಹಾಗಾಗಿ ಮೊನೋ ಕೋರಸ್. ಯಜಮಾನರ 'ತೆಳು' ಅನ್ನುವ ದೂರಿಗೆ ನೇರ ಮದ್ದು ಅದೊಂದೇ.

ಕೊಳ್ಳುವವರಿಗೆ ಎರಡು ಮಾತು. ಸಿಂಥಿನ ಸದ್ದು ಗಿಟಾರಿಗಿಂತ ಜೋರಾಗಿ ಹೊರಡುತ್ತದೆ. ವಾಲ್ಯೂಮ್ ಅರ್ಧಕ್ಕಿಳಿಸಿ ಪೆಡಲ್ಲಿಗೆ ಕೊಡಿ, ಇಲ್ಲದಿದ್ದರೆ ಒಡೆಯುತ್ತದೆ. ಇನ್ನೊಂದು ಅಡಾಪ್ಟರ್. ಹೆಚ್ಚಿನ ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್, ಪಿನ್ನಿನ ನಡುವೆ ಮೈನಸ್. ಮನೆಯ ಕೀಬೋರ್ಡಿನದು ಎಷ್ಟೋ ಸಲ 12 ವೋಲ್ಟ್, ನಡುವೆ ಪ್ಲಸ್. ತೂತಿಗೆ ಹೊಂದಿತು ಅಂತ ಚುಚ್ಚಿದರೆ ಪೆಡಲ್ ಸುಡಬಹುದು. ಅಡಾಪ್ಟರ್ ಮೇಲೆ ಸಣ್ಣ ವೃತ್ತದ ಚಿತ್ರ ಇರುತ್ತದೆ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಹಳೆಯದನ್ನು ಕೊಳ್ಳುವುದಾದರೆ ನಾಬ್ ತಿರುಗಿಸಿ ಕೇಳಬೇಕು, ಕರಕರ ಅಂದರೆ ಒಳಗೆ ಧೂಳು. ಬ್ಯಾಟರಿ ಜಾಗದಲ್ಲಿ ಹಸಿರು ಕಿಲುಬು ಇದ್ದರೆ ಬಿಟ್ಟುಬಿಡುವುದು. ನಮ್ಮ ಕಡೆಯ ಮಳೆಗೆ ಜ್ಯಾಕು ಬೇಗ ಕಪ್ಪಾಗುತ್ತದೆ, ಅಕ್ಕಿ ಡಬ್ಬಿಯ ಹಾಗೆ ಮುಚ್ಚಳ ಬಿಗಿ ಇರುವ ಪಾತ್ರೆಯಲ್ಲಿ ಇಡುವ ಅಂದಾಜು ನನ್ನದು.

ಕೊರಿಯರಿನವರು ನಮ್ಮ ಮನೆತನಕ ಬರುವುದಿಲ್ಲ, ಪೇಟೆಯ ಮೆಡಿಕಲ್ ಅಂಗಡಿಯ ವಿಳಾಸ ಕೊಟ್ಟಿದ್ದೇನೆ. ಯಜಮಾನರಿಗೆ ಇನ್ನೂ ಹೇಳಿಲ್ಲ. ಚೌತಿಯ ಕಾರ್ಯಕ್ರಮದ ಮೊದಲ ರಿಹರ್ಸಲ್‌ಗೆ ಸೀದಾ ತಗೊಂಡು ಹೋಗುವುದು.